ಮೂರನೇ ಮಹಡಿಯ ಅಪ್ಪಣೆ

"ಜೋಡಿ ಇಲ್ದೆ ಒಳಗೆ ಬಿಡಲ್ಲ" ಎಂದು ಕರಿ ಅಂಗಿಯವನು ಬಾಗಿಲಿಗೆ ಅಡ್ಡ ನಿಂತ. ಶಿವನಂಜಮ್ಮ ಮಡಿಲಕ್ಕಿಯ ಚೀಲವನ್ನು ಕಂಕುಳಿಗೆ ಏರಿಸಿಕೊಂಡು ಮುಂದೆ ಬಂದಳು.

"ಇವ್ಳು ನನ್ ಮಗ್ಳು ಯಶೋದ, ಇವ್ಳು ನಮ್ಮಕ್ಕನ ಮಗ್ಳು ರತ್ನ. ಜೋಡಿನೇ ಬೇಕು ಅಂದ್ರೆ ಅವ್ರಿಬ್ರೂ ಕೈ ಇಡ್ಕತಾರೆ ಬುಡಪ್ಪ."

"ಗಂಡು ಹೆಣ್ಣು ಜೋಡಿ ಕಣಮ್ಮ."

ರತ್ನ ನಗುತ್ತಾ ಅವಳ ಸೆರಗು ಹಿಡಿದು ಎಳೆದಳು. "ಬಾ ಚಿಕ್ಕವ್ವ. ಮೈಸೂರಲ್ಲಿ ಡಿಸ್ಕೋ ಕುಣಿಯಕ್ಕೆ ಇದೊಂದೇ ಜಾಗ್ವಾ? ಆ ರೋಡಲ್ಲಿ ಇನ್ನೊಂದದೆ. ಭಾನ್ವಾರ ಮಧ್ಯಾಹ್ನ ಬರೀ ಎಂಗಸ್ರು ಓದ್ರೂ ಬುಡ್ತಾರೆ."

"ಅಲ್ಲ ಕಣೇ, ಯಾವ ದೇವ್ರಿಗೆ ಕುಣಿಯಾದು?"

"ಯಾವ ದೇವ್ರಿಗೂ ಅಲ್ಲ. ಸುಮ್ನೆ."

"ಸುಮ್ಸುಮ್ನೆ ಯಾರಾದ್ರೂ ಕುಣಿದಾರಾ?" ಎಂದಳು ಶಿವನಂಜಮ್ಮ. ತನ್ನೂರಾದ ಕಾಮಗೆರೆಯಲ್ಲಿ ಗಂಡಸರು ಕಂಸಾಳೆ ಹಿಡಿದು ಕುಣಿಯುವುದನ್ನು ಹುಟ್ಟಿದಂದಿನಿಂದ ನೋಡಿದವಳು ಅವಳು. ಅದಕ್ಕೊಂದು ಹರಕೆ, ಒಂದು ಹೊತ್ತು ಇರುತ್ತದೆ. ಇಲ್ಲಿಯದು ಒಂದೂ ತಿಳಿಯಲಿಲ್ಲ. ಆದರೂ ಹೊರಟಳು. ಮಗಳ ಗಂಡನ ಊರಾದ ಯಳಂದೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ರತ್ನನೇ ಆರಿಸಿಕೊಟ್ಟ ಹೊಸ ಸೀರೆ, ಅಕ್ಕಿ, ಕೊಬ್ಬರಿ, ಬೆಲ್ಲ ಎಲ್ಲವೂ ಚೀಲದಲ್ಲಿದ್ದವು. ದೀಪಾವಳಿಗೆಂದು ತವರಿಗೆ ಬಂದ ಯಶೋದ ಶಿವರಾತ್ರಿ ಕಳೆದರೂ ಗಂಡನ ಮನೆಯ ಮಾತೆತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಂದು ತಟ್ಟೆ ಬಿದ್ದರೂ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳುತ್ತಿದ್ದಳು. ಯಾಕೆ ಮಗ ಎಂದು ಕೇಳಿದರೆ ಸೆರಗಿನ ತುದಿ ತಿರುಚುತ್ತಾ ಕೂತುಬಿಡುತ್ತಿದ್ದಳು. "ಬಾಯಿಬುಟ್ಟು ಯೋಳ್ದೆ ಇರೋಳ್ಗೆ ಯಾವ ಕಷ್ಟನೂ ಇಲ್ಲ ಅಂತ ಅರ್ಥ. ಸೀರೆ ಕೊಡ್ಸು, ಬಸ್ ಅತ್ಸು" ಎಂದು ಅವಳಪ್ಪ ಪುಟ್ಟಮಾದಯ್ಯ ತೀರ್ಪು ಕೊಟ್ಟಾಗಿತ್ತು.

ಎರಡನೆಯ ಜಾಗ ಮೂರನೇ ಮಹಡಿಯಲ್ಲಿತ್ತು. ಬಾಗಿಲಲ್ಲಿ ಶಿವನಂಜಮ್ಮ ಚಪ್ಪಲಿ ಕಳಚಿ ಗೋಡೆಗೆ ಒತ್ತರಿಸಿಟ್ಟಳು. ಯಶೋದನೂ ಕಳಚಿದಳು.

"ಹಾಕ್ಕೊಳ್ಳಿ ಅಮ್ಮ, ಒಳಗೆ ಎಲ್ರೂ ಹಾಕ್ಕೊಂಡೇ ಇರ್ತಾರೆ" ಎಂದ ಬಾಗಿಲವನು.

"ಕುಣಿಯೋ ಜಾಗಕ್ಕೆ ಚಪ್ಲಿ ಮೆಟ್ಕಂಡು ಓದಾರಾ? ಸುಮ್ಕಿರಪ್ಪ."

ಒಳಗೆ ಹಗಲೇ ಇರಲಿಲ್ಲ. ಕೆಂಪು ದೀಪ, ನೀಲಿ ದೀಪ. ಹೊಗೆ ಏಳುತ್ತಿತ್ತು, ಸಾಂಬ್ರಾಣಿಯ ವಾಸನೆ ಇಲ್ಲ. ಹತ್ತು ತಮಟೆಯ ಸದ್ದು ಹೊಟ್ಟೆಗೇ ಬಡಿಯುತ್ತಿತ್ತು, ಬಡಿಯುವವರು ಕಾಣಲಿಲ್ಲ. ಮಗಳು ಈಗ ತಲೆ ಮುಚ್ಚಿಕೊಳ್ಳುತ್ತಾಳೆ ಎಂದು ಶಿವನಂಜಮ್ಮ ಹಿಡಿಯಲು ಕೈ ಚಾಚಿದಳು. ಯಶೋದ ಮುಚ್ಚಿಕೊಳ್ಳಲಿಲ್ಲ. ಮೊದಲು ಅವಳ ಹಿಮ್ಮಡಿ ಅಲುಗಿತು, ಆಮೇಲೆ ಭುಜ. ರತ್ನನ ಕೈ ಬಿಡಿಸಿಕೊಂಡು ನಡುವಿಗೆ ಹೋದಳು. ತುರುಬು ಬಿಚ್ಚಿಕೊಂಡಿತು. ಕಣ್ಣು ಮುಚ್ಚಿತು. ತಲೆ ಅತ್ತಿಂದಿತ್ತ ತೂಗತೊಡಗಿತು.

ಹೆಂಗಸೊಬ್ಬಳು ಕಣ್ಣುಮುಚ್ಚಿ ಕೂದಲು ಕೆದರಿ ಹೀಗೆ ಕುಣಿದರೆ ಶಿವನಂಜಮ್ಮನ ಊರಲ್ಲಿ ಅದಕ್ಕೆ ಒಂದೇ ಅರ್ಥ. ಬಂದವರು ಯಾರು, ಬೇಕಾದ್ದೇನು ಎಂದು ಕೇಳಬೇಕು. ಹೇಳಿದ್ದನ್ನು ಮನೆಯವರು ನಡೆಸಬೇಕು. ಅತ್ತೆ ದೊಡ್ಡಬಸಮ್ಮನ ಮೈಮೇಲೆ ದೇವರು ಬಂದು ಹಿತ್ತಿಲ ಬಾವಿ ಮುಚ್ಚಿ ಅಂದಿದ್ದಕ್ಕೆ, ನೀರಿದ್ದ ಬಾವಿಯನ್ನೇ ಮುಚ್ಚಿದ ಮನೆ ಅದು. ಆದರೆ ಇಲ್ಲಿ? ಗುಡಿಯಿಲ್ಲ, ಗಂಟೆಯಿಲ್ಲ. ಈ ಮಹಡಿ ಹತ್ತಿ ದೇವರು ಬಂದಾನೆಯೇ? ಬಂದಿದ್ದರೆ, ಕೇಳದೆ ಬಿಡುವುದು ತಪ್ಪಲ್ಲವೇ? ಅವಳಿಗೆ ದಿಕ್ಕು ತೋಚಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೆಟ್ಟದ ದೇವರ ವಿಭೂತಿ ತೆಗೆದು ಮಗಳ ಹಣೆಗೆ ಬಳಿದಳು. ಕೈ ಮುಗಿದು, ಆ ಸದ್ದಿಗೆ ಎದುರಾಗಿ ಕೂಗಿದಳು.

"ಯಾರಪ್ಪಾ ಬಂದಿರಾದು? ಏನು ಬೇಕು? ಬಾಯಿಬುಟ್ಟು ಯೋಳಪ್ಪಾ!"

ಯಶೋದ ಕಣ್ಣು ತೆರೆದಳು. ಅವ್ವನನ್ನು ನೋಡಿದಳು. ಇನ್ನೇನು ನಕ್ಕುಬಿಡುತ್ತಾಳೆ ಅನ್ನಿಸಿತು. ನಗಲಿಲ್ಲ. ಮತ್ತೆ ಕಣ್ಣು ಮುಚ್ಚಿ, ತೂಗುತ್ತಲೇ, ದಪ್ಪ ದನಿಯಲ್ಲಿ ಹೇಳಿದಳು: "ಈ ಕೂಸ್ನ ಯಳಂದೂರ್ಗೆ ಕಳಿಸ್ಬ್ಯಾಡ. ಕಳಿಸಿದ್ರೆ ಉಳಿಯಾಕಿಲ್ಲ."

ಹೊರಗೆ ಬಂದಾಗ ಬಿಸಿಲು ಹಾಗೇ ಇತ್ತು. ಬೆವರಿಗೆ ವಿಭೂತಿ ಹುಬ್ಬಿನವರೆಗೂ ಇಳಿದಿತ್ತು. ಯಶೋದ ಕಬ್ಬಿನ ಹಾಲು ಕುಡಿಯುತ್ತಾ ನಿಂತಳು.

"ಒಳಗೆ ಏನಂದೆ, ಗೊತ್ತಾ ಮಗ?"

"ನಂಗೇನೂ ಗೊತ್ತಿಲ್ಲ ಕಣವ್ವ."

ಮೈಮೇಲೆ ದೇವರು ಬಂದವರೆಲ್ಲ ಅದು ಇಳಿದ ಮೇಲೆ ಹೇಳುವುದು ಅದೇ ಮಾತು. ಸುಳ್ಳು ಹೇಳುವವರೂ ಅದನ್ನೇ ಹೇಳುತ್ತಾರೆ. ಶಿವನಂಜಮ್ಮ ಮಗಳ ಮುಖವನ್ನು ಎಷ್ಟು ನೋಡಿದರೂ ಯಾವುದೆಂದು ಗೊತ್ತಾಗಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲೊಂದು ಬೈಕು ಢಮ್ಮೆಂದಿತು. ಯಶೋದ ಲೋಟ ಬಿಟ್ಟು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು. ಕಬ್ಬಿನ ಹಾಲು ಅವಳ ಪಾದದ ಮೇಲೆಲ್ಲ ಚೆಲ್ಲಿತು.

ಫೋನು ಬಡಿದುಕೊಂಡಿತು. ಪುಟ್ಟಮಾದಯ್ಯ.

"ಬಸ್ ಅತ್ಸಿದ್ಯಾ?"

"ಇಲ್ಲ ಕಣ್ರಿ. ಕೂಸಿನ ಮೈಮೇಲೆ ಬಂದಿತ್ತು. ಕಳಿಸ್ಬ್ಯಾಡ ಅಂತ ಅಪ್ಪಣೆ ಆಗದೆ."

ಆ ಕಡೆ ದನಿ ತಗ್ಗಿತು. "ಯಾವ ಗುಡೀಲಿ?"

ಶಿವನಂಜಮ್ಮ ತಲೆಯೆತ್ತಿ ಮೂರನೇ ಮಹಡಿಯನ್ನು ನೋಡಿದಳು.

"ಎಸ್ರು ಗೊತ್ತಾಗ್ನಿಲ್ಲ ಕಣ್ರಿ. ಜೋಡಿ ಇಲ್ದೋರ್ನೂ ಒಳಕ್ಕೆ ಬುಡ್ತಾರೆ."