ಫುಟ್‌ಪಾತ್ ಬದಿಯ ಕಿಟಕಿ

ಶೆಡ್ಡಿನ ಬಾಗಿಲು ತೆರೆದೊಡನೆ ಬಾಲ್ಯದ ವಾಸನೆ ಮೂಗಿಗೆ ಬಡಿಯಿತು. ಪೆಟ್ರೋಲು, ಗ್ರೀಸು, ಬಿಸಿಲಿಗೆ ಕಾದ ರೆಕ್ಸಿನ್ ಸೀಟು. ಅಪ್ಪನ ಅಂಗಿಗೂ ಇದೇ ವಾಸನೆ ಇರುತ್ತಿತ್ತು. ಮಗಳು ಒಂದು ಕ್ಷಣ ಕರಗಿದಳು. ಆಮೇಲೆ ಬಂದ ಕೆಲಸ ನೆನಪಾಗಿ ಟಾರ್ಚ್ ಹಚ್ಚಿದಳು.

ಮೊನ್ನೆ ಬೆಳಿಗ್ಗೆ ಬೇಕರಿಯ ತಿರುವಿನಲ್ಲಿ ಅಪ್ಪನ ಈ ಕಾರು ಒಂದು ಸೈಕಲ್ಲನ್ನು ಉಜ್ಜಿಕೊಂಡು ಹೋಗಿತ್ತು. ಸೈಕಲ್ ಮೇಲಿದ್ದ ಟೈಲರಮ್ಮ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಕಣ್ಣಾರೆ ಕಂಡವನು ಬೇಕರಿಯವನೊಬ್ಬನೇ. "ಮೇಷ್ಟ್ರ ಮುಖ ಕಿಟಕೀಲಿ ಕಾಣಿಸ್ತು ಕಣಕ್ಕಾ. ಫುಟ್‌ಪಾತ್ ಮೇಲೆ ನಿಂತಿದ್ದ ನಾನು ಕೈ ಚಾಚಿದ್ರೆ ಅವರ ಮೂಗು ಸಿಗ್ತಿತ್ತು," ಎಂದಿದ್ದ. ಅವನು ಒಳಗೋಡಿ ಫೋನ್ ಮಾಡಿ ಹೊರಬರುವಷ್ಟರಲ್ಲಿ ಕಾರು ಅವಳನ್ನು ಹತ್ತಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದಿತ್ತು.

ಮೇಷ್ಟ್ರು ಎಂದರೆ ಅವಳ ಅಪ್ಪ, ಡ್ರೈವಿಂಗ್ ಮೇಷ್ಟ್ರು. ನಲವತ್ತು ವರ್ಷ ಊರಿಗೆಲ್ಲ ಕಾರು ಕಲಿಸಿದವರು. ಕಾರಿನಲ್ಲಿ ಅವರು ಕಂಡರೆ ಯಾರೂ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ.

ಮಗಳು ಬಾಗಿ ನೋಡಿದಳು. ಡ್ರೈವರ್ ಸೀಟನ್ನು ಸ್ಟೀರಿಂಗಿಗೆ ತಾಗುವಷ್ಟು ಮುಂದೆ ತಳ್ಳಲಾಗಿತ್ತು. ಅದರ ಮೇಲೊಂದು ದಪ್ಪ ದಿಂಬು. ಬಾಗಿಲಿಗೆ ತಲೆ ಬಗ್ಗಿಸಿ ಹೋಗುತ್ತಿದ್ದ ಅಪ್ಪ ಇಷ್ಟು ಕುಗ್ಗಿದನೇ? ಹಿಂದಿನ ಗಾಜಿನಲ್ಲಿ ಕೆಂಪು 'ಎಲ್' ಅಕ್ಷರ ಇನ್ನೂ ಹೊಳೆಯುತ್ತಿತ್ತು. ಶಾಲೆ ಮುಚ್ಚಿ ಐದು ವರ್ಷವಾದರೂ ಅದನ್ನು ಕೀಳಲು ಮನಸ್ಸಾಗಿಲ್ಲ, ಪಾಪ.

ಅಡುಗೆಮನೆಗೆ ಬಂದು ನೇರವಾಗಿ ಕೇಳಿದಳು.

"ಅಪ್ಪ, ಕಾರಿನ ಕೀ ಕೊಡು."

"ಮೊಳೆಗೆ ನೇತಾಕಿದೆ, ತಗೋ." ಮೇಷ್ಟ್ರು ಪೇಪರಿನಿಂದ ತಲೆ ಎತ್ತಲಿಲ್ಲ.

ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡು ಬಂದವಳಿಗೆ ನಿರಾಸೆಯಾಯಿತು. "ಎಂಬತ್ತೊಂದು ನಿನಗೆ. ಎರಡು ಸಲ ಕಣ್ಣಿನ ಆಪರೇಷನ್ ಆಗಿದೆ. ಇನ್ಮೇಲೆ ಸ್ಟೀರಿಂಗ್ ಮುಟ್ಟಕೂಡದು."

"ಮುಟ್ಟಲ್ಲ."

"ಆಮೇಲೆ ಮಾತು ಬದಲಾಯಿಸಬಾರದು."

"ಬೇಕಾದ್ರೆ ಬರೆದು ಕೊಡ್ತೀನಿ. ಪೆನ್ ಕೊಡು."

ಮುಖ ಸಣ್ಣಗಾದದ್ದು ಅಮ್ಮನದು. "ಕೀ ಎಷ್ಟು ದಿನಕ್ಕೆ ತಗೊಂಡು ಹೋಗ್ತೀಯ?" ಎಂದಳು.

"ಶಾಶ್ವತವಾಗಿ. ಇನ್ನು ನೀವಿಬ್ಬರೂ ಬಸ್ಸಲ್ಲೇ ಓಡಾಡಿ."

"ಬಸ್ಸು ಹತ್ತೋಷ್ಟರಲ್ಲಿ ನನ್ನ ಮಂಡಿ ಬಿದ್ದುಹೋಗುತ್ತೆ," ಎಂದು ಗೊಣಗಿ, ಸ್ವಲ್ಪ ಕೆಲಸವಿದೆಯೆಂದು ಅಮ್ಮ ಹೊರಟುಹೋದಳು. ಗಂಡನ ಪರ ಒಂದು ಮಾತನ್ನೂ ಆಡಲಿಲ್ಲ. ಐವತ್ತೈದು ವರ್ಷದ ಸಂಸಾರಕ್ಕೆ ಇಷ್ಟೇ ಬೆಲೆಯೇ ಎಂದು ಮಗಳಿಗೆ ಕಸಿವಿಸಿಯಾಯಿತು.

ಅಮ್ಮ ಹೋದ ಹತ್ತು ನಿಮಿಷಕ್ಕೆ ಇನ್‌ಸ್ಪೆಕ್ಟರ್ ಬಂದಳು. ಅವಳೂ ಮೇಷ್ಟ್ರ ಶಿಷ್ಯೆಯೇ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಪಾಠ ಒಪ್ಪಿಸದ ಹುಡುಗಿಯ ಹಾಗೆ ಕುರ್ಚಿಯ ತುದಿಯಲ್ಲಿ ಕುಳಿತಳು.

"ಮೇಷ್ಟ್ರೇ, ಸೈಕಲ್ ತಾನಾಗೇ ಜಾರಿತು ಅಂತ ಬರೆದುಬಿಡ್ಲಾ? ಅಲ್ಲಿ ಮರಳಿತ್ತು."

"ಮರಳು ನಾನು ನೋಡ್ಲಿಲ್ಲ. ನೀನು ನೋಡಿದೆಯಾ?"

"ಇಲ್ಲ. ಆದ್ರೂ..."

"ಹೊಲಿಯೋ ಹೆಂಗಸು ಅವಳು. ಆರು ವಾರ ಕೈ ಎತ್ತೋ ಹಾಗಿಲ್ಲ. ಅವಳದೇ ತಪ್ಪು ಅಂತ ಬರೆದ್ರೆ ಅವಳ ಇನ್ನೊಂದು ಕೈಯೂ ನೀನೇ ಮುರಿದ ಹಾಗೆ. ಬರ್ಕೋ. ಬ್ರೇಕ್ ಮೇಲೆ ನನ್ನ ಕಾಲಿತ್ತು. ಒತ್ತೋದು ತಡವಾಯ್ತು. ತಪ್ಪು ನನ್ನದು."

"ಕೇಸ್ ಹಾಕಿದ್ರೆ ನಿಮ್ಮ ಲೈಸೆನ್ಸ್ ಹೋಗುತ್ತೆ."

"ಹೋಗ್ಲಿ ಬಿಡು. ಅದಕ್ಕೂ ವಯಸ್ಸಾಗಿದೆ."

ಇನ್‌ಸ್ಪೆಕ್ಟರ್ ಕಣ್ಣೊರೆಸಿಕೊಂಡು ಬರೆದುಕೊಂಡಳು. ಸಂಜೆ ಐದಕ್ಕೆ ಸ್ಟೇಷನ್ನಿಗೆ ಬಂದು ಸಹಿ ಹಾಕಬೇಕೆಂದಳು. ಹೋಗುವಾಗ ಮಗಳ ಕಿವಿಯಲ್ಲಿ ಒಂದು ದಾರಿ ಹೇಳಿದಳು. ಟೈಲರಮ್ಮ ಮನಸ್ಸು ಮಾಡಿ ದೂರು ಬೇಡವೆಂದರೆ ಮೇಷ್ಟ್ರು ಈ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪೀತು.

ಮಗಳು ಚಪ್ಪಲಿ ಮೆಟ್ಟಿದವಳೇ ಹೊರಟಳು.

ಟೈಲರಮ್ಮನ ಅಂಗಡಿಯೂ ಮನೆಯೂ ಒಂದೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಗೋಡೆಯುದ್ದಕ್ಕೂ ಅರ್ಧ ಹೊಲಿದ ರವಿಕೆ, ಲಂಗಗಳು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಟೈಲರಮ್ಮ ದಿವಾನಿನ ಮೇಲೆ ಕುಳಿತು ಎಡಗೈಯಲ್ಲಿ ಗುಂಡಿ ವಿಂಗಡಿಸುತ್ತಿದ್ದಳು.

"ಅಪ್ಪನ ಪರವಾಗಿ ಕ್ಷಮೆ ಕೇಳೋಕೆ ಬಂದೆ," ಎಂದಳು ಮಗಳು. "ವಯಸ್ಸಾದೋರು. ಕಣ್ಣು ಸರಿಯಿಲ್ಲ. ಕಾರಿನ ಕೀ ನಾನೇ ಕಿತ್ಕೊಂಡಿದೀನಿ. ಇನ್ನು ಅವರು ಓಡಿಸಲ್ಲ."

ಟೈಲರಮ್ಮ ಗುಂಡಿಗಳನ್ನು ಬದಿಗಿಟ್ಟಳು. "ನಿಮ್ಮಪ್ಪನಾ? ಅವರು ಕಾರು ಓಡಿಸಿ ಎರಡು ವರ್ಷ ಆಯ್ತಂತಲ್ಲ."

"ಬೇಕರಿಯವನು ಅವರ ಮುಖ ನೋಡಿದಾನೆ."

"ನಾನೂ ನೋಡಿದೆ. ಫುಟ್‌ಪಾತ್ ಬದೀಲಿ ಕೂತಿದ್ರು. ಕಲಿಸೋರು ಕೂರೋದು ಆ ಕಡೆ ತಾನೇ? ಪಾಪ, ಅವರ ಕಾಲ ಹತ್ರ ಇರೋ ಇನ್ನೊಂದು ಬ್ರೇಕ್ ಒತ್ತೋಷ್ಟರಲ್ಲಿ ನಾನು ಬಿದ್ದಾಗಿತ್ತು. ಶಿಷ್ಯರು ಮಾಡಿದ ತಪ್ಪು ಮೇಷ್ಟ್ರದೇ ಅಂತ ಆಸ್ಪತ್ರೇಲೂ ಹೇಳ್ತಾನೇ ಇದ್ರು. ನಾನು ಒಪ್ಪಲಿಲ್ಲ. ಗುದ್ದಿದೋರೂ ಒಪ್ಪಲಿಲ್ಲ. ಸಂಜೆ ಸ್ಟೇಷನ್ನಿಗೆ ನಾವಿಬ್ಬರೇ ಹೋಗ್ತಿದೀವಿ. ಕೈ ಸರಿಹೋಗೋ ತನಕ ಎರಡು ಹೊತ್ತಿನ ಅಡುಗೇನೂ ಅವರದೇ."

"ಯಾರದು?"

ಒಳಗಿನಿಂದ ತಟ್ಟೆ ಹಿಡಿದು ಬಂದ ಅಮ್ಮ, "ಹನ್ನೊಂದನೇ ಪಾಠ ಕಣೇ, ಕನ್ನಡಿ ನೋಡೋದು ಮರೆತೆ," ಎಂದು ಮಗಳಿಗೆ ಮೆಲ್ಲಗೆ ಹೇಳಿ, ಕಲಸಿದ ಅನ್ನದ ತಟ್ಟೆಯನ್ನು ಟೈಲರಮ್ಮನ ಎಡಗೈಗೆ ಕೊಟ್ಟಳು.