ಸೊಸೆಯ ಸೆನ್ಸರ್

ಕೊಕ್ಕೆಯಿಂದ ಸೊಸೆಯ ಕೀಲಿಗೊಂಚಲು ತೆಗೆಯುವಾಗ ಸದ್ದಾಗಬಾರದೆಂದು ಮಾವ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಸೊಸೆ ಮೊಮ್ಮಗಳನ್ನು ತಬ್ಬಿಕೊಂಡು ಇನ್ನೂ ಮಲಗಿದ್ದಳು. ಸ್ವಂತ ಮನೆಯಲ್ಲೇ ಕಳ್ಳಹೆಜ್ಜೆ ಇಡುವ ಗತಿ ಬಂತಲ್ಲ ಎಂದು ಗೊಣಗುತ್ತ, ಮಫ್ಲರನ್ನು ಕಿವಿ ಮೂಗು ಮುಚ್ಚುವಂತೆ ಸುತ್ತಿ, ಚೀಲ ಹೆಗಲಿಗೇರಿಸಿ ಹೊರಬಿದ್ದರು. ಯಾರಾದರೂ ಕೇಳಿದರೆ ಹೇಳಲು ಉತ್ತರ ಸಿದ್ಧವಿತ್ತು. ವಾಕಿಂಗು.

ಈ ವಾಕಿಂಗು ದಿನವೂ ಮುಗಿಯುತ್ತಿದ್ದುದು ನದಿದಂಡೆಯ ಒಂದು ಪುಟ್ಟ ಕೊಠಡಿಯಲ್ಲಿ. ಊರಿಗೆ ಕುಡಿಯುವ ನೀರೆತ್ತುವ ಜಾಗ ಅದು. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ, ಅಳೆಯುವ ಸೆನ್ಸರ್ ಅಲ್ಲಿ ಹಗಲಿರುಳೂ ಮುಳುಗಿರುತ್ತದೆ. ಅದು ಹೇಳಿದ ಅಂಕಿ ನೋಡಿಯೇ ಶುದ್ಧೀಕರಣದವರು ನೀರಿಗೆ ಏನನ್ನು ಎಷ್ಟು ಬೆರೆಸಬೇಕೆಂದು ತೀರ್ಮಾನಿಸುತ್ತಾರೆ. ಆ ಸೆನ್ಸರನ್ನು ಸರಿಯಾಗಿ ಇಟ್ಟುಕೊಳ್ಳುವುದರಲ್ಲೇ ಮಾವನ ಆಯುಷ್ಯ ಸವೆದಿತ್ತು. ಮಗ ತೀರಿಕೊಂಡ ಮೇಲೆ ಅದೇ ಕೆಲಸ ಸೊಸೆಗೆ ಸಿಕ್ಕಿತ್ತು, ತಾತ್ಕಾಲಿಕವಾಗಿ. ಈ ತಿಂಗಳು ಕಾಯಂ ಆಗಬೇಕು. ಆಗದಿದ್ದರೆ ಮೂವರ ಹೊಟ್ಟೆಗೂ ತಣ್ಣೀರು ಬಟ್ಟೆಯೇ ಗತಿ. ಮಾವನ ಪಿಂಚಣಿ ಅವರ ಮಾತ್ರೆಗಳಿಗೇ ಸಾಲದು.

ಬೀಗ ತೆಗೆದು, ಮಂಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಚೀಲದಿಂದ ಎರಡು ಬಾಟಲಿ ತೆಗೆದರು. ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ಗೋಡೆ ಗಡಿಯಾರ ಎಂದೋ ನಿಂತುಹೋಗಿತ್ತು. ಅದೇ ದಿನ ಸ್ಟೋರಿನವನು ಪ್ರೀತಿಯಿಂದ ಕೈಗಿಟ್ಟ ಈ ಬಾಟಲಿಗಳು ಮಾತ್ರ ಉಳಿದಿದ್ದವು. ಚೀಟಿಯ ಮೇಲಿನ ಸಣ್ಣ ಅಕ್ಷರ ಈಗ ಕಣ್ಣಿಗೆ ಹತ್ತುತ್ತಿರಲಿಲ್ಲ. ಬಣ್ಣ ಗೊತ್ತಾದರೆ ಸಾಕು. ಹಳದಿ ಎಂದರೆ ಏಳು, ನೀಲಿ ಎಂದರೆ ಹತ್ತು. ಉತ್ತರ ಗೊತ್ತಿರುವ ದ್ರಾವಣದಲ್ಲಿ ಸೆನ್ಸರನ್ನು ಅದ್ದುವುದು, ಅದು ಸರಿ ಉತ್ತರ ಹೇಳುವ ತನಕ ಹೊಂದಿಸುವುದು. ದಡ್ಡ ಹುಡುಗನಿಗೆ ಮೇಷ್ಟ್ರು ಪಾಠ ಒಪ್ಪಿಸಲು ಹೇಳಿದ ಹಾಗೆ.

ಹಳದಿಯಲ್ಲಿ ಹುಡುಗ ಪಾಸಾದ. ನೀಲಿಯಲ್ಲಿ ಇವತ್ತೂ ಫೇಲು. ಹತ್ತು ಎನ್ನಬೇಕಾದದ್ದು ಒಂಬತ್ತೂ ಮುಕ್ಕಾಲಿನ ಹತ್ತಿರ ಕೂತು ಮೇಲೇಳಲು ಒಲ್ಲೆನೆಂದಿತು.

"ನಿನ್ನೆಯೂ ಹಾಗೇ ಬಿಟ್ಟು ಹೋಗಿದ್ದಾಳೆ," ಎಂದು ಮಾವ ನಿಟ್ಟುಸಿರಿಟ್ಟು, ಹತ್ತಕ್ಕೆ ಹೊಂದಿಸಿದರು.

ಅವರು ಹೀಗೆ ಮೊದಲ ಸಲ ಬಂದದ್ದು ಸೊಸೆ ಜ್ವರದಲ್ಲಿ ಮಲಗಿದ್ದಾಗ. ಅಂದೇ ನೀಲಿಯಲ್ಲಿ ತಪ್ಪು ಕಂಡು ತಿದ್ದಿದ್ದರು. ಅನುಮಾನ ಬಂದು, ಅವಳು ಕೆಲಸಕ್ಕೆ ಮರಳಿದ ಮರುದಿನವೂ ಬಂದರು, ಮತ್ತೆ ತಪ್ಪು. ಅದಾದ ವಾರದೊಳಗೇ ನೀರು ಪರೀಕ್ಷಿಸುವ ಲ್ಯಾಬಿನವರು ಕ್ಯಾತೆ ತೆಗೆದರು. ಅವಳ ಸೆನ್ಸರಿನ ಅಂಕಿ ತಮ್ಮ ಅಂಕಿಗೆ ತಾಳೆಯಾಗುತ್ತಿಲ್ಲವಂತೆ. ತಮ್ಮ ಅನುಮಾನ ನಿಜವಾಯಿತಲ್ಲ ಎಂದುಕೊಂಡಿದ್ದರು ಮಾವ. ಅಂದಿನಿಂದ ಒಂದು ಬೆಳಗೂ ತಪ್ಪಿಸಿರಲಿಲ್ಲ.

ಮೊನ್ನೆಯಷ್ಟೇ ಅವಳು ಚಪ್ಪಲಿ ಬಿಡುತ್ತ ಕೇಳಿದ್ದಳು.

"ಮಾವ, ನಿಮ್ಮ ಕಾಲದಲ್ಲೂ ಲ್ಯಾಬಿನ ಅಂಕಿಗೂ ನಿಮ್ಮದಕ್ಕೂ ಹೀಗೆ ವ್ಯತ್ಯಾಸ ಬರ್ತಿತ್ತಾ?"

"ಕೂದಲೆಳೆಯಷ್ಟೂ ಇಲ್ಲ."

"ನಾನು ದಿನಾ ಸಂಜೆ ಸರಿ ಮಾಡಿಯೇ ಬರ್ತೀನಿ. ನೀವು ಕಲಿಸಿದ ಹಾಗೇ."

"ಆತುರ ಮಾಡ್ಬೇಡಮ್ಮ. ಅಂಕಿ ನಿಲ್ಲೋ ತನಕ ಕಾಯ್ಬೇಕು."

ಅವಳು ಚಪ್ಪಲಿ ಬದಿಗೆ ಸರಿಸಿದಳು. ಕಣ್ಣಡಿ ಕಪ್ಪುಗಟ್ಟಿತ್ತು. ಪಾಪ, ಮನೆ, ಮಗು, ಕೆಲಸ ಎಲ್ಲಕ್ಕೂ ಇವಳೊಬ್ಬಳೇ. ದಣಿದವಳು ಕೈತಪ್ಪುವುದು ಸಹಜ. ತಪ್ಪು ಮಾಡುತ್ತಿದ್ದೀಯ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಲು ಮಾವನಿಗೆ ಬಾಯಿ ಬರಲಿಲ್ಲ. ಹೇಳದೆಯೇ ಸರಿಪಡಿಸಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಇವತ್ತು ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಕೊಕ್ಕೆಗೆ ಏನನ್ನೂ ತೂಗುಹಾಕಲಿಲ್ಲ. ಮಾವನ ಎದುರಿಗೆ ಕೂತು ಕಾಲು ಚಾಚಿದಳು.

"ಕೊಠಡಿಯಲ್ಲಿ ಕ್ಯಾಮೆರಾ ಇಟ್ಟಿದ್ರಂತೆ ಮಾವ. ನನಗೂ ಹೇಳಿರಲಿಲ್ಲ. ಯಾರೋ ಬೆಳಿಗ್ಗೆ ಬೆಳಿಗ್ಗೆ ಬಂದು, ನಾನು ಸರಿ ಮಾಡಿಟ್ಟ ಸೆನ್ಸರನ್ನ ಮತ್ತೆ ಹೊಂದಿಸಿ ಹೋಗ್ತಾರೆ."

ಮಾವ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಪ್ಪು ತಿದ್ದಿದವರೆಂದು ತಿಳಿದರೆ ಬೈಯುತ್ತಾರೆಯೇ, ಹೊಗಳುತ್ತಾರೆಯೇ?

"ಅವರು ತಂದ ಬಾಟಲಿ ಹಳೇದು," ಅವಳು ಮುಂದುವರಿಸಿದಳು. "ಚೀಟಿ ಬೆಳ್ಳಗಾಗಿದೆ. ನೀಲಿ ದ್ರಾವಣ ತೆರೆದು ವರ್ಷಗಟ್ಟಲೆ ಇಟ್ರೆ ಗಾಳಿ ಕುಡಿದು ಇಳಿದುಹೋಗುತ್ತೆ, ಹತ್ತು ಹತ್ತಾಗಿ ಉಳಿಯಲ್ಲ. ಅದನ್ನ ನಂಬಿ, ಸರಿಯಾಗಿರೋದನ್ನ ದಿನಾ ಕೆಡಿಸ್ತಿದ್ರು."

ಆ ಪಾಠವನ್ನು ಅವಳಿಗೆ ಹೇಳಿಕೊಟ್ಟವರು ಮಾವನೇ.

"ಮುಖ ಕಾಣ್ತಾ?"

"ಮಫ್ಲರ್ ಸುತ್ತಿತ್ತು. ಇದ್ಯಾರು, ನಿನಗೆ ಗೊತ್ತಾ ಅಂತ ಸಾಹೇಬರು ಕೇಳಿದ್ರು. ಗೊತ್ತಿಲ್ಲ ಅಂದೆ."

"ನಿನ್ನ ಕೆಲಸ?"

"ಬೀಗ ಒಡೆದಿಲ್ಲವಲ್ಲ ಮಾವ. ಕೀಲಿ ಇರೋದು ನನ್ನ ಹತ್ರ. ಹೊರಗಿನವರಿಗೆ ಕೀಲಿ ಕೊಟ್ಟವಳು ಬೇಡ ಅಂತ ಇವತ್ತೇ ಬಿಡಿಸಿಬಿಟ್ರು."

ಅವಳು ಎದ್ದು ಮಾವನಿಗೆ ಒಂದು ಲೋಟ ನೀರು ತಂದು ಕೈಗಿತ್ತಳು. ಅವರು ಕುಡಿದು ಮುಗಿಸುವ ತನಕ ಎದುರಿಗೇ ನಿಂತಳು.

"ನಾಳೆಯಿಂದ ವಾಕಿಂಗಿಗೆ ಬೇರೆ ದಾರಿ ಹಿಡೀರಿ, ಮಾವ," ಎಂದಳು. "ಕ್ಯಾಮೆರಾ ಇನ್ನೂ ಅಲ್ಲೇ ಇದೆ."