ಸಿದ್ದೇಶ್ವರನ ಬಲಗಾಲು

ಸಿದ್ದೇಶ್ವರ ಕಾಲು ತೊಳೆದುಕೊಂಡು ಜಗಲಿ ಹತ್ತಿದ. ಆದರೆ ಅಲ್ಲಿ ನಿಂತ ಮೇಲೆ ಬಲಗಾಲನ್ನು ಎತ್ತಲು ಆಗಲಿಲ್ಲ. ಎದುರಿಗೆ ಬಸವರಾಜಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಬಳಿದ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು. ಅಯ್ಯನವರು ತಲೆಯ ಮೇಲೆ ಪಾದ ಇಡದೆ ಹೆಣ ಎತ್ತುವಂತಿಲ್ಲ. ಹಳ್ಳಿಮೈಸೂರಿನಲ್ಲಿ ಆ ಕೆಲಸ ಸಿದ್ದೇಶ್ವರನ ತಂದೆ ಚಂದ್ರಯ್ಯನದು. ಸ್ಕೂಟರಿನಿಂದ ಬಿದ್ದ ಚಂದ್ರಯ್ಯನ ಬಲಗಾಲು ಹದಿನೈದು ದಿನದಿಂದ ಪ್ಲಾಸ್ಟರಿನಲ್ಲಿತ್ತು, ಇವತ್ತು ಮಗನೇ ಪಾದ ಇಡಬೇಕು. ಹೊತ್ತು ಇಳಿಯುತ್ತಿತ್ತು, ಮುಳುಗುವುದರೊಳಗೆ ಮಣ್ಣಾಗಬೇಕು.

“ಹಾಸನದಲ್ಲಿ ಸಾವಿನ ಹಾಡಿಗೆ ಬಾರಿಸ್ತೀಯಂತೆ,” ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಚಂದ್ರಯ್ಯ ತಗ್ಗಿದ ದನಿಯಲ್ಲಿ ಚುಚ್ಚಿದ. “ನಿಜವಾದ ಸಾವು ಕಂಡ್ರೆ ಇಂಗ್ಯಾಕ್ಲಾ ಬೆವರ್ತೀಯ?”

“ಅದು ಡೆತ್ ಮೆಟಲ್ ಕಣಪ್ಪ. ಅದ್ರಲ್ಲಿ ಯಾರೂ ಸಾಯಲ್ಲ.”

“ಕೇಳ್ದೋರು ಉಳ್ಕತಾರಾ?”

ಬಸವರಾಜಪ್ಪ ಇಲ್ಲದಿದ್ದರೆ ಸಿದ್ದೇಶ್ವರ ಡ್ರಮ್ಮು ಮುಟ್ಟುತ್ತಲೇ ಇರಲಿಲ್ಲ. ಈತನ ಅಕ್ಕಿ ಮಿಲ್ಲಿನಲ್ಲಿ ತೌಡಿನ ಮೂಟೆಯ ಮೇಲೆ ಕೂತು, ಬೆಲ್ಟಿನ ಬಡಿತಕ್ಕೆ ಸರಿಯಾಗಿ ಹಿಮ್ಮಡಿ ಕುಟ್ಟುತ್ತ ಅವನು ಬೆಳೆದ. ಆಮೇಲೆ ಹಾಸನದ ಹಾಸ್ಟೆಲಿನಲ್ಲಿ ಯಾರೋ ಒಂದು ಡೆತ್ ಮೆಟಲ್ ಕ್ಯಾಸೆಟ್ ಕೊಟ್ಟರು. ಅದರಲ್ಲಿ ಹಾಡುವವನ ಗುರುಗುಟ್ಟುವಿಕೆಯ ಅಡಿಯಲ್ಲಿ ಒಬ್ಬ ಎರಡೂ ಕಾಲಿನಿಂದ ಪೆಡಲು ತುಳಿದು ಒಂದೇ ಸಮನೆ ದೊಡ್ಡ ಡ್ರಮ್ಮನ್ನು ಬಾರಿಸುತ್ತಿದ್ದ. ಉಳಿದ ಹುಡುಗರು ಕಿವಿ ಮುಚ್ಚಿಕೊಂಡರು. ಸಿದ್ದೇಶ್ವರನಿಗೆ ಮಾತ್ರ ಮಿಲ್ಲು ಓಡುತ್ತಿರುವಂತೆ ಕೇಳಿಸಿತು. ಹಳೆಯ ಡ್ರಮ್ ಸೆಟ್ಟೊಂದನ್ನು ಲಗೇಜ್ ಆಟೋದಲ್ಲಿ ತಂದಾಗ ಚಂದ್ರಯ್ಯ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಬಸವರಾಜಪ್ಪನೇ ಮಿಲ್ಲಿನ ಗೋದಾಮು ಬಿಟ್ಟುಕೊಟ್ಟ. ಮೂರು ವರ್ಷ ಅಲ್ಲೇ ಬಾರಿಸಿ ಬಾರಿಸಿ, ಈಗ ಸಿದ್ದೇಶ್ವರನ ಬಲಗಾಲಿನಷ್ಟು ಚುರುಕು ಕಾಲು ಜಿಲ್ಲೆಯಲ್ಲೇ ಇಲ್ಲ ಎಂದು ಹಾಸನದ ಅವನ ಬ್ಯಾಂಡಿನವರು ಹೇಳಿಕೊಂಡು ತಿರುಗುತ್ತಿದ್ದರು. ನಾಡಿದ್ದು ಹಾಸನದಲ್ಲಿ ಅವರ ಮೊದಲ ದೊಡ್ಡ ಕಾರ್ಯಕ್ರಮ.

“ಪಾದ ಕೊಡಿ ಬುದ್ಧಿ,” ಎಂದಳು ಬಸವರಾಜಪ್ಪನ ಹೆಂಡತಿ ಶಿವಗಂಗಮ್ಮ. ನಿನ್ನೆ ಸಂಜೆಯವರೆಗೂ ಗೋದಾಮಿನ ಬಾಗಿಲಿಗೆ ಬಂದು, ‘ಲೇ ಸಿದ್ದ, ನಿಲ್ಸೋ ಅದನ್ನ, ನಿನ್ ಗಲಾಟೆಗೆ ಹಸ ಹಾಲು ಕೊಡ್ತಿಲ್ಲ’ ಎಂದು ಬೈಯುತ್ತಿದ್ದವಳು.

ಅವನು ಗೋಡೆಗೆ ಕೈ ಆನಿಸಿ ಪಾದ ಇಟ್ಟ. ತಲೆ ತಣ್ಣಗಿತ್ತು. ಅಂಗಾಲಿನ ಕೆಳಗೆ ಏನೋ ಬಡಿಯಿತು. ಸ್ವಲ್ಪ ತಡೆದು ಮತ್ತೆ ಬಡಿಯಿತು.

ಅಭ್ಯಾಸ ಮುಗಿಸಿದ ಮೇಲೆ ಗಂಟೆಗಟ್ಟಲೆ ಅವನ ಕಾಲಿನ ನರ ಹಾರುತ್ತಿದ್ದುದುಂಟು. ಆ ಹಾರಾಟ ಅವನಿಗೆ ಚೆನ್ನಾಗಿ ಗೊತ್ತು. ಅದು ಹುಳದ ರೆಕ್ಕೆಯಂತೆ ವೇಗ. ಇದು ನಿಧಾನ. ಅವನು ಎಂದೂ ಬಾರಿಸದಷ್ಟು ನಿಧಾನ. ಬೆಳಗಿನ ಜಾವವೇ ಡಾಕ್ಟರು ಬಂದು ನೋಡಿಕೊಂಡು ಹೋಗಿದ್ದರು. ಆದರೂ ಜೀವ ಇದ್ದರೆ? ಬಾಯಿ ಬಿಟ್ಟು ಹೇಳಿದರೆ ಶಿವಗಂಗಮ್ಮನಿಗೆ ಇಲ್ಲದ ಆಸೆ ಹುಟ್ಟಿಸಿದಂತೆ. ಹೇಳದಿದ್ದರೆ, ಬದುಕಿರುವವನನ್ನೇ ಗುಂಡಿಯಲ್ಲಿ ಕೂರಿಸಿ ಮಣ್ಣೆಳೆದಂತೆ.

ಯಾರಿಗೂ ಕಾಣದ ಹಾಗೆ ಅವನು ಹೆಬ್ಬೆರಳಿನಿಂದ ಆ ತಲೆಯನ್ನು ಮೆಲ್ಲಗೆ ತಟ್ಟಿದ. ನಾಲ್ಕು ಪೆಟ್ಟು, ಒಂದು ಬಿಡುವು, ಮತ್ತೆ ಮೂರು ಪೆಟ್ಟು. ಕೊನೆಯದನ್ನು ಬೇಕೆಂದೇ ಬಿಟ್ಟ. ಮಿಲ್ಲಿನಲ್ಲಿ ಅದು ಅವರಿಬ್ಬರ ಆಟವಾಗಿತ್ತು. ಸಿದ್ದೇಶ್ವರ ತಗಡಿನ ಡಬ್ಬ ಬಡಿದು ಕೊನೆಯ ಪೆಟ್ಟು ಬಿಟ್ಟರೆ, ಬಸವರಾಜಪ್ಪ ಎಲ್ಲಿದ್ದರೂ ಕೈಗೆ ಸಿಕ್ಕಿದ್ದನ್ನು ಕುಟ್ಟಿ ಅದನ್ನು ಮುಗಿಸುತ್ತಿದ್ದ.

ಅಂಗಾಲಿನ ಕೆಳಗಿನ ಬಡಿತ ನಿಂತಿತು. ಆಮೇಲೆ, ಬರಬೇಕಾದ ಜಾಗದಲ್ಲಿ, ಒಂದೇ ಒಂದು ಪೆಟ್ಟು ಬಂತು.

“ಅಪ್ಪ,” ಸಿದ್ದೇಶ್ವರ ಪಿಸುಗುಟ್ಟಿದ. “ಒಳಗೆ ಬಡೀತಾ ಐತೆ.”

ಶಿವಗಂಗಮ್ಮ ತಲೆ ಎತ್ತಿದಳು. “ಏನಂದ್ರು ಅಯ್ನೋರು?”

“ಮಂತ್ರ ಕಣವ್ವ,” ಎಂದ ಚಂದ್ರಯ್ಯ. ಮಗನ ಕಡೆ ತಿರುಗಿ, “ಕಾಲು ತೆಗಿ,” ಎಂದ.

ಸಿದ್ದೇಶ್ವರ ಕಾಲು ತೆಗೆದ. ಆದರೆ ಅಲ್ಲೇ ಮಂಡಿಯೂರಿ ಬಸವರಾಜಪ್ಪನ ಮೂಗಿನ ಕೆಳಗೆ ಕೈ ಹಿಡಿದ. ಉಸಿರಿರಲಿಲ್ಲ. ಎದೆಗೆ ಕಿವಿಯಿಟ್ಟ. ಅಲ್ಲಿ ಏನೂ ಇರಲಿಲ್ಲ. ದವಡೆ, ಕುತ್ತಿಗೆ, ಬೆರಳು ಎಲ್ಲ ಮರದ ಹಾಗೆ ಬಿಗಿದಿದ್ದವು. ಮಿಲ್ಲಿನ ಹುಡುಗನಿಗೆ ದುಃಖ ತಡೆಯಲಾಗಲಿಲ್ಲವೆಂದು ಸುತ್ತ ನಿಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅವನು ಎದ್ದು ಪಕ್ಕಕ್ಕೆ ಸರಿದ. ಗಂಡಸರು ಹೆಣ ಎತ್ತಿದರು.

ಮಣ್ಣು ಮಾಡಿ ಬಂದಾಗ ಚಂದ್ರಯ್ಯ ಅದೇ ಕುರ್ಚಿಯಲ್ಲಿ ಕಾಯುತ್ತಿದ್ದ. ಜಗಲಿ ತೊಳೆದು ಆಗಿತ್ತು.

“ನಿಂತಿಲ್ಲ ಅಪ್ಪ,” ಎಂದ ಸಿದ್ದೇಶ್ವರ. “ಬಲಗಾಲು ಊರ್ದಾಗೆಲ್ಲ ಕೆಳಗಿಂದ ಬಡೀತದೆ. ದಾರಿ ಉದ್ದಕ್ಕೂ. ಇಲ್ಲೂ.”

ಚಂದ್ರಯ್ಯ ಏನೆಂದು ಕೇಳಲಿಲ್ಲ. ಜೋಳಿಗೆಗೆ ಕೈ ಹಾಕಿ ಹಿತ್ತಾಳೆಯ ಜಂಗನ್ನು ಹೊರಗೆ ತೆಗೆದ. ಮನೆಮನೆಗೆ ಹೊರಟಾಗ ಅವನು ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುತ್ತಿದ್ದ ಗಂಟೆ ಅದು. ಮಗನನ್ನು ಹತ್ತಿರ ಕರೆದು, ಬಗ್ಗಿ, ಅವನ ಬಲಗಾಲಿಗೆ ಕಟ್ಟಿ ಗಂಟು ಬಿಗಿದ.

“ನಾಡಿದ್ದು ಪ್ರೋಗ್ರಾಂ ಐತಪ್ಪ. ಈ ಕಾಲಲ್ಲೇ ಬಾರಿಸ್ಬೇಕು.”

“ಬಾರ್ಸು. ಎಷ್ಟು ಜೋರಾಗಿ ಆಯ್ತದೋ ಅಷ್ಟು ಜೋರಾಗಿ ಬಾರ್ಸು, ಕೆಳಗಿಂದು ಕೇಳ್ಸದಂಗೆ,” ಎಂದ ಚಂದ್ರಯ್ಯ. “ನಲವತ್ತು ವರ್ಷದಿಂದ ನಾನು ಇದನ್ನ ಕಟ್ಕೊಂಡು ತಿರುಗಿದ್ದು ಬರೀ ಭಿಕ್ಷಕ್ಕೆ ಅಂದ್ಕೊಂಡಿದ್ದೇನ್ಲಾ?”